ಮೊದಲ ರೊಟ್ಟಿ

“ಬೀಸುಕಲ್ಲು ಕುಟ್ಟಿದವನು, ಆ ಕಲ್ಲಿನಲ್ಲಿ ಬೀಸಿದ ಹಿಟ್ಟಿನ ಮೊದಲ ರೊಟ್ಟಿಯನ್ನು ಆ ಮನೆಯ ಕಟ್ಟೆಯ ಮೇಲೆ ಕೂತು ತಾನೇ ತಿನ್ನಬೇಕು. ತಿನ್ನದೆ ಕೂಲಿ ಮುಟ್ಟಬಾರದು. ಇದು ನಿಯಮ. ಇದನ್ನು ಎಲ್ಲರೂ ಮುರಿದರು.”

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಅಡವಯ್ಯನಿಗೆ ಏನೂ ತಿಳಿಯಲಿಲ್ಲ. ಅವನು ಕೇಳಿದ್ದೇ ಬೇರೆ.

ಅಡವಯ್ಯ ಮಠದ ದಾಸೋಹದ ಅಡುಗೆಮನೆ ನೋಡಿಕೊಳ್ಳುವವನು. ಉಗ್ರಾಣದ ಬೀಗದ ಕೈಗಳ ಗೊಂಚಲು ಹನ್ನೊಂದು ವರ್ಷದಿಂದ ಅವನ ಸೊಂಟದಲ್ಲಿತ್ತು. ದಿನಕ್ಕೆ ಮುನ್ನೂರು ಜನ ಉಣ್ಣುತ್ತಿದ್ದರು. ಹಂಡೆಯ ಅಡುಗೆ ತನ್ನ ಹೊಟ್ಟೆಗೆ ಒಗ್ಗುವುದಿಲ್ಲವೆಂದು ಅವನು ಮಾತ್ರ ತನ್ನ ಕೋಣೆಯಲ್ಲಿ ಬೇರೆ ಉಣ್ಣುತ್ತಿದ್ದ. ಅವನ ಬುತ್ತಿ ತಂಗಿಯ ಮನೆಯಿಂದ ಬರುತ್ತಿತ್ತು. ಅಂದು ಗುರುಗಳು ಎಂದಿನಂತೆ ಎಲ್ಲರ ಜೊತೆ ಪಂಕ್ತಿಯಲ್ಲಿ ಉಂಡು, ಕೈ ತೊಳೆದು ಬಂದು ಕೂತಾಗ, ಅವನು ಎದುರಿಗೆ ನಿಂತು ಕೇಳಿದ್ದ:

“ಅಜ್ಜಾರೇ, ಈ ಕೆಲಸದಲ್ಲಿ ನನಗೆ ತೃಪ್ತಿ ಯಾಕಿಲ್ಲ? ತಪ್ಪಿ ಒಂದು ದಿನ ಒಲೆ ಆರಿಲ್ಲ. ಪ್ರಸಾದ ಉಂಡವರು ಯಾರೂ ಇವತ್ತಿನವರೆಗೆ ಹೆಸರಿಟ್ಟಿಲ್ಲ. ಆದರೂ ಬೆಳಿಗ್ಗೆ ಬೀಗ ತೆಗೆಯುವಾಗ, ಇದು ಯಾರ ಕೈ, ಯಾರ ಕೆಲಸ ಅನ್ನಿಸುತ್ತದೆ. ಪುರಾಣ ಓದುವ ಕೆಲಸಕ್ಕೆ ಹೋಗಲೇ? ಮಠದ ತೋಟ ನೋಡಿಕೊಳ್ಳಲೇ? ಎಲ್ಲ ಬಿಟ್ಟು ಊರೂರು ತಿರುಗಲೇ? ಯಾವ ಕೆಲಸಕ್ಕೆ ಅರ್ಥವಿದೆ ಎಂದು ನೀವೇ ಹೇಳಬೇಕು.”

ಇದಕ್ಕೆ ಉತ್ತರವಾಗಿ ಬಂದದ್ದು ಬೀಸುಕಲ್ಲಿನ ನಿಯಮ.

“ಕೂತುಕೋ,” ಎಂದರು ಗುರುಗಳು. “ಎರಡು ಸಲ ಹೇಳುವುದಿಲ್ಲ.”

ಅವರು ಹೇಳಿದ ಕತೆ ಇದು.

ಒಬ್ಬ ಕಲ್ಲು ಕುಟ್ಟುವವನಿದ್ದ. ಬೀಸಿ ಬೀಸಿ ಬೀಸುಕಲ್ಲಿನ ಮೈ ನುಣ್ಣಗಾಗುತ್ತದೆ. ನುಣ್ಣಗಾದ ಕಲ್ಲಿನಲ್ಲಿ ಜೋಳ ಜಾರುತ್ತದೆ, ಹಿಟ್ಟಾಗುವುದಿಲ್ಲ. ಆಗ ಅದರ ಮೈಯನ್ನು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಬೇಕು. ಊರೂರಿಗೆ ಹೋಗಿ ಇದನ್ನು ಮಾಡಿಕೊಡುವುದು ಅವನ ಕೆಲಸ. ಅವನ ತಂದೆಯದೂ ಅದೇ.

ತಂದೆ ಕಲಿಸಿದ್ದು ಹೀಗೆ. ಉಳಿಯನ್ನು ಹಗುರವಾಗಿ ಹಿಡಿ. ಏಟು ಒತ್ತೊತ್ತಾಗಿ ಬೀಳಲಿ, ಆಳವಾಗಿ ಬೀಳದಿರಲಿ. ಆಳದ ಏಟಿಗೆ ಕಲ್ಲು ಒಳಗೇ ಬಿರಿಯುತ್ತದೆ. ಬಿರಿದ ಕಲ್ಲು ವರ್ಷವಿಡೀ ಹಿಟ್ಟಿನಲ್ಲಿ ಉದುರುತ್ತದೆ. ಕುಟ್ಟಿದ ಮೇಲೆ ನೀನೇ ತೊಳೆ, ಒಣಗಿಸು, ಒಂದು ಹಿಡಿ ಜೋಳ ಬೀಸಿ ಚೆಲ್ಲು. ಆಮೇಲೆ ಬೀಸಿದ ಹಿಟ್ಟಿನ ಮೊದಲ ರೊಟ್ಟಿ ನಿನ್ನದು. ಹಲ್ಲಿಗೆ ಕಲ್ಲು ಸಿಕ್ಕರೆ ಮತ್ತೆ ಉಳಿ ಹಿಡಿ. ಸಿಗದಿದ್ದರೆ ಕೂಲಿಯ ಜೋಳ ಚೀಲಕ್ಕೆ ಹಾಕಿಕೊಂಡು ಮುಂದಿನ ಮನೆಗೆ ಹೋಗು.

ಹೀಗೆ ಮಾಡಿದರೆ ದಿನಕ್ಕೆ ಒಂದು ಕಲ್ಲು ಮುಗಿಯುತ್ತಿತ್ತು. ಹೆಚ್ಚಿಲ್ಲ.

ನಿಯಮ ಮುರಿದದ್ದು ಒಂದು ದಿನದಲ್ಲಿ ಅಲ್ಲ. ಕೆಟ್ಟವರು ಮುರಿದದ್ದೂ ಅಲ್ಲ. ಮೊದಲು ಒಬ್ಬ ಮನೆಯಾಕೆ, “ರೊಟ್ಟಿ ಬೇಯುವವರೆಗೆ ಯಾಕೆ ಕಾಯುತ್ತೀಯಪ್ಪಾ, ನಿನಗೂ ಹೊತ್ತಾಗುತ್ತದೆ, ಹಿಟ್ಟನ್ನೇ ತೆಗೆದುಕೊಂಡು ಹೋಗು” ಎಂದಳು. ಕರುಣೆಯಿಂದಲೇ ಹೇಳಿದಳು. ಇನ್ನೊಬ್ಬಳು ಹಿಟ್ಟಿನ ಬದಲು ಒಂದು ಹಿಡಿ ಜೋಳ ಹೆಚ್ಚಿಗೆ ಕೊಟ್ಟಳು. ಕಲ್ಲು ಕುಟ್ಟುವವರ ಹಿರಿಯರು ಸೇರಿ, “ಕೈ ಪಳಗದವನು ತಿಂದು ನೋಡಲಿ. ಕೈ ಪಳಗಿದವನಿಗೆ ಯಾಕೆ?” ಎಂದರು. ಅದು ಎಲ್ಲರಿಗೂ ಸರಿ ಕಂಡಿತು. ತನ್ನ ಕೈ ಪಳಗಿಲ್ಲ ಎಂದು ಹೇಳಿಕೊಳ್ಳುವವರು ಯಾರೂ ಇರಲಿಲ್ಲ.

ನಮ್ಮ ಮನುಷ್ಯನೂ ಹಾಗೇ ಮಾಡಿದ. ದಿನಕ್ಕೆ ಎರಡು ಕಲ್ಲಾಯಿತು. ಮೂರಾಯಿತು. ಆರಾಯಿತು. ತಾನು ತಿನ್ನುವುದಿಲ್ಲವೆಂದ ಮೇಲೆ ತೊಳೆಯುವುದು, ಒಣಗಿಸುವುದು ಮನೆಯವರ ಪಾಲಿಗೆ ಹೋಯಿತು. ಏಟು ವಿರಳವಾಯಿತು. ವಿರಳವಾದದ್ದು ಸಾಲದೆಂದು ಆಳವಾಯಿತು. ಅವನ ಹೆಸರು ಹಬ್ಬಿತು. ಅವನು ಕೂತನೆಂದರೆ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಕಲ್ಲು ಸಿದ್ಧ ಎಂದು ಹೆಂಗಸರು ಹೊಗಳಿದರು.

ಹತ್ತು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಸುತ್ತಿಗೆ ಎತ್ತಿದವನು ಹಾಗೇ ಕೂತ. ಯಾಕೆ ಹೊಡೆಯಬೇಕು ಎಂದು ತೋಚಲಿಲ್ಲ. ಕೈ ನೋಯುತ್ತಿರಲಿಲ್ಲ. ಹೊಟ್ಟೆಗೆ ಕಡಿಮೆ ಇರಲಿಲ್ಲ. ಯಾರೂ ಬೈದಿರಲಿಲ್ಲ. ಆದರೂ, ಈ ಹತ್ತು ವರ್ಷ ನೀನು ಏನು ಮಾಡಿದೆ ಎಂದು ತನ್ನನ್ನೇ ಕೇಳಿಕೊಂಡರೆ, ಕಲ್ಲು ಕುಟ್ಟಿದೆ ಎಂಬುದರ ಆಚೆ ಒಂದು ಮಾತೂ ಬರಲಿಲ್ಲ.

ಅವನು ಉತ್ತರ ಹುಡುಕಿಕೊಂಡು ಹೊರಟ.

ಮೊದಲು ಒಬ್ಬ ವ್ಯಾಪಾರಿಯನ್ನು ಕೇಳಿದ. “ನಿನ್ನ ಕೂಲಿ ಕಡಿಮೆ, ಅದಕ್ಕೇ ಬೇಸರ,” ಎಂದ ವ್ಯಾಪಾರಿ. “ಎರಡರಷ್ಟು ಕೇಳು. ಜನ ಮರ್ಯಾದೆ ಕೊಡುವುದು ದುಬಾರಿ ಮನುಷ್ಯನಿಗೆ.” ಅವನು ಎರಡರಷ್ಟು ಕೇಳಿದ. ಜನ ಕೊಟ್ಟರು. ಚೀಲ ಭಾರವಾಯಿತು. ಅಷ್ಟೆ.

ಆಮೇಲೆ ಒಬ್ಬ ಶಿಲ್ಪಿಯನ್ನು ಕೇಳಿದ. “ನೀನು ಕುಟ್ಟಿದ್ದು ವರ್ಷದಲ್ಲಿ ಸವೆಯುತ್ತದೆ,” ಎಂದ ಶಿಲ್ಪಿ. “ಸವೆಯುವ ಕೆಲಸದಲ್ಲಿ ಅರ್ಥ ಎಲ್ಲಿಂದ ಬರಬೇಕು? ಸಾವಿರ ವರ್ಷ ನಿಲ್ಲುವ ಕೆಲಸ ಮಾಡು, ಬಾ.” ಅವನು ಶಿಲ್ಪಿಯ ಬಳಿ ಆರು ತಿಂಗಳು ದುಡಿದ. ವಿಗ್ರಹದ ಪಾದದ ಹತ್ತು ಬೆರಳು ಅವನ ಪಾಲಿಗೆ ಬಂದವು. ಹತ್ತನ್ನೂ ಚೆನ್ನಾಗಿ ಕಡೆದ. ಪ್ರತಿಷ್ಠೆಯ ದಿನ ಪಾದದ ಮೇಲೆ ಹೂವಿನ ರಾಶಿ ಬಿತ್ತು. ಮರುದಿನವೂ ಬಿತ್ತು. ತನ್ನ ಕೆಲಸ ಸಾವಿರ ವರ್ಷ ಹೂವಿನ ಕೆಳಗೇ ಇರುತ್ತದೆ ಎಂದು ತಿಳಿದು ಅವನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಕೊನೆಗೆ ಒಬ್ಬ ಸನ್ಯಾಸಿಯನ್ನು ಕೇಳಿದ. “ಕೆಲಸ ಮಾಡು. ಫಲದ ಕಡೆ ನೋಡಬೇಡ,” ಎಂದರು ಸನ್ಯಾಸಿ.

“ಸ್ವಾಮಿ, ಹತ್ತು ವರ್ಷದಿಂದ ನಾನು ಮಾಡುತ್ತಿರುವುದೇ ಅದು. ಒಂದು ಸಲವೂ ನೋಡಿಲ್ಲ.”

“ಹಾಗಾದರೆ ನೀನು ಗೆದ್ದೆ,” ಎಂದು ಸನ್ಯಾಸಿ ಕಣ್ಣು ಮುಚ್ಚಿದರು. ಗೆದ್ದವನು ತಲೆ ಕೆರೆದುಕೊಳ್ಳುತ್ತ ಎದ್ದು ಬಂದ.

ಇಲ್ಲಿ ಅಡವಯ್ಯನಿಗೆ ತಡೆಯಲಾಗಲಿಲ್ಲ. “ಅಜ್ಜಾರೇ, ಸನ್ಯಾಸಿ ಹೇಳಿದ್ದು ತಪ್ಪೇ? ನೀವೂ ನಮಗೆ ಅದನ್ನೇ ಹೇಳಿದ್ದೀರಿ.”

“ಹೇಳಿದ್ದೇನೆ. ಮೊದಲು ಕೆಲಸ ಪೂರ್ತಿ ಮಾಡಿದವರಿಗೆ ಹೇಳಿದ್ದು,” ಎಂದರು ಗುರುಗಳು. “ಸುಮ್ಮನೆ ಕೇಳು.”

ಅಡವಯ್ಯನ ಗೊಂದಲ ಹೆಚ್ಚಿತು. ಪೂರ್ತಿ ಎಂದರೆ ಎಲ್ಲಿಯವರೆಗೆ ಎಂದು ಕೇಳಬೇಕೆಂದುಕೊಂಡ. ಕೇಳಲಿಲ್ಲ. ಗುರುಗಳು ಮುಂದುವರಿಸಿದರು.

ಅವನು ಹಳೆಯ ಕೆಲಸಕ್ಕೇ ಮರಳಿದ. ಬೇರೆ ಏನೂ ತೋಚದ್ದರಿಂದ ಮರಳಿದ. ಒಂದು ಊರಿನ ಓಣಿಯಲ್ಲಿ “ಕಲ್ಲು ಕುಟ್ಟಿಸ್ತೀರೇನವ್ವಾ, ಕಲ್ಲೂ…” ಎಂದು ಕೂಗುತ್ತ ಹೋಗುತ್ತಿದ್ದಾಗ, ಒಂದು ಮನೆಯ ಅತ್ತೆ ಹೊರಗೆ ಬಂದು ಕರೆದಳು. ಬಾಗಿಲಲ್ಲಿ ಎತ್ತಿನ ಗಾಡಿ ನಿಂತಿತ್ತು. ಆ ಮನೆಯ ಸೊಸೆಯ ಅಣ್ಣ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ತಂಗಿಯ ಬಟ್ಟೆಯ ಗಂಟು ಅವನ ಪಕ್ಕದಲ್ಲಿತ್ತು. ಗಂಡ ಹೊಲಕ್ಕೆ ಹೋಗಿದ್ದ. ಇಂಥ ದಿನ ಗಂಡಂದಿರಿಗೆ ಹೊಲದಲ್ಲಿ ಕೆಲಸ ಹೆಚ್ಚು.

“ಬಾರಪ್ಪಾ, ಒಳ್ಳೆಯ ದಿನವೇ ಬಂದೆ,” ಎಂದಳು ಅತ್ತೆ. “ಇವಳು ನಮ್ಮ ಮನೆಗೆ ಬಂದು ಒಂದು ವರ್ಷ. ಬಂದ ವಾರದಿಂದ ರೊಟ್ಟಿಯಲ್ಲಿ ಮರಳು. ನನ್ನ ಮಗ ಉಣ್ಣುತ್ತಿದ್ದರೆ ಕರಕರ ಸದ್ದು ಓಣಿಗೆ ಕೇಳುತ್ತದೆ. ಜೋಳ ಕೇರಲು ಬಾರದವಳನ್ನು ಕಟ್ಟಿಕೊಂಡು ಏನು ಮಾಡಲಿ? ಇವತ್ತು ತವರಿಗೆ ಕಳಿಸುತ್ತಿದ್ದೇನೆ. ಇನ್ನು ಕರೆಸುವುದಿಲ್ಲ. ಅವಳ ಕೈ ಮುಟ್ಟಿದ ಕಲ್ಲು, ಹೊಸದಾಗಿ ಕುಟ್ಟಿಬಿಡು.”

ಅವನು ಕಲ್ಲು ಮಗುಚಿ ನೋಡಿದ. ಏಟಿನ ಗುರುತು ತನ್ನದೇ. ವರ್ಷದ ಹಿಂದೆ, ಇದೇ ಮನೆಯ ಮದುವೆಗೆ ಹಿಟ್ಟು ಬೀಸಲೆಂದು ತಾನೇ ಕುಟ್ಟಿದ್ದ ಕಲ್ಲು. ಅದು ನೆನಪಾಯಿತು. ಅದಕ್ಕಿಂತ ಹೆಚ್ಚು ಏನೂ ಹೊಳೆಯಲಿಲ್ಲ. ಕುಟ್ಟಿದ. ಒರೆಸಿದ. ಎದ್ದ.

ಅತ್ತೆ ಕೂಲಿಯ ಜೋಳವನ್ನು ಬುಟ್ಟಿಗೆ ಹಾಕಿ ಸೊಸೆಯ ಕೈಗೆ ಕೊಟ್ಟಳು. “ಹೋಗುವ ಮುಂಚೆ ಇದೊಂದು ಮಾಡು. ಅವನ ಚೀಲಕ್ಕೆ ಸುರಿ.”

ಸೊಸೆ ಬುಟ್ಟಿ ಹಿಡಿದು ನಿಂತಳು. ಸುರಿಯಲಿಲ್ಲ.

“ರೊಟ್ಟಿ ತಿಂದ ಮೇಲೆ,” ಎಂದಳು.

ಅವನು ನಕ್ಕ. “ಅದು ನಮ್ಮ ಅಜ್ಜನ ಕಾಲದ ಮಾತು, ತಂಗಿ. ಈಗ ಯಾರು ತಿನ್ನುತ್ತಾರೆ?”

“ನಾವು ತಿನ್ನುತ್ತೇವಲ್ಲ.”

ಅವನ ನಗು ನಿಂತಿತು. ಅತ್ತೆ ಕೆರಳಿದಳು. “ನೋಡಿದೆಯಾ ಇವಳ ಬಾಯಿ! ಗಾಡಿ ಹತ್ತುವ ಹೊತ್ತಿನಲ್ಲೂ ಹಟ. ಕೊಡೇ ಅದನ್ನು ಇಲ್ಲಿ.”

“ಕೊಡುವುದಿಲ್ಲ ಅತ್ತೇ. ನಮ್ಮ ಅಜ್ಜಿ ಕಲ್ಲು ಕುಟ್ಟಿದವರಿಗೆ ರೊಟ್ಟಿ ಹಾಕದೆ ಯಾವತ್ತೂ ಕಳಿಸಿದವಳಲ್ಲ. ಇವತ್ತು ಜೋಳ ನೀವೇ ಕೇರಿ. ನೀವೇ ಬೀಸಿ. ನೀವೇ ತಟ್ಟಿ. ನಾನು ಏನನ್ನೂ ಮುಟ್ಟುವುದಿಲ್ಲ. ತಿಂದು ಇವರು ಚೆನ್ನಾಗಿದೆ ಅಂದರೆ ನಾನೇ ಗಾಡಿ ಹತ್ತುತ್ತೇನೆ. ಯಾರೂ ಕಳಿಸುವುದು ಬೇಡ.”

ಅತ್ತೆಗೆ ಅದು ಹಿತವಾಯಿತು. ಸೊಸೆ ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಳು ಎಂದುಕೊಂಡಳು. ಕಲ್ಲಿಗೆ ನೀರು ಹಾಕಿ ತೊಳೆದು ಬಿಸಿಲಿಗೆ ಇಟ್ಟಳು. ಜೋಳವನ್ನು ಮೂರು ಸಲ ಕೇರಿದಳು. ಮೊರವನ್ನು ಸೊಸೆಯ ಅಣ್ಣನ ಮೂಗಿನ ಕೆಳಗೆ ಹಿಡಿದಳು. “ನೋಡಪ್ಪಾ ಬೀಗಾ, ಚೆನ್ನಾಗಿ ನೋಡು. ಒಂದು ಹರಳಿದೆಯಾ? ಕೇರುವುದು ಅಂದರೆ ಹೀಗೆ. ನಿಮ್ಮ ಮನೆಯಲ್ಲಿ ಕಲಿಸಲಿಲ್ಲ.” ಹರಳಿರಲಿಲ್ಲ. ಅತ್ತೆ ಬೀಸಿದಳು. ತಟ್ಟಿದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ಕಟ್ಟೆಯ ಮೇಲೆ ಕಲ್ಲು ಕುಟ್ಟುವವನ ಮುಂದಿಟ್ಟಳು.

“ತಿನ್ನಪ್ಪಾ. ವರ್ಷದ ಮೇಲೆ ಈ ಮನೆಯಲ್ಲಿ ಒಂದು ಒಳ್ಳೆಯ ರೊಟ್ಟಿ.”

ಅವನು ಮುರಿದು ಬಾಯಿಗೆ ಇಟ್ಟ. ಅಗಿದ. ದವಡೆಯಲ್ಲಿ ಕರಕ್ ಎಂದಿತು. ಸದ್ದು ಅವನಿಗೆ ಮಾತ್ರ ಕೇಳಿಸಿತು.

ನುಂಗಿದರೆ ಮುಗಿಯುತ್ತಿತ್ತು. ನುಂಗಿ, ಚೆನ್ನಾಗಿದೆ ತಾಯಿ ಎಂದರೆ, ಜೋಳ ಚೀಲಕ್ಕೆ ಬೀಳುತ್ತದೆ, ಸೊಸೆ ಗಾಡಿ ಹತ್ತುತ್ತಾಳೆ, ಅವನ ಹೆಸರು ಹಾಗೇ ಇರುತ್ತದೆ. ನುಂಗದಿದ್ದರೆ ಅದು ಈ ಒಂದು ಕಲ್ಲಿನ ಮಾತಲ್ಲ. ದಿನಕ್ಕೆ ಆರು ಕಲ್ಲು. ಹತ್ತು ವರ್ಷ. ಎಷ್ಟು ಮನೆಗಳಲ್ಲಿ, ಎಷ್ಟು ಜನ, ಯಾವ ಸೊಸೆಯನ್ನು ಬೈದುಕೊಂಡು ಅದನ್ನು ಅಗಿಯುತ್ತಿದ್ದಾರೋ.

ಗುರುಗಳು ಅಡವಯ್ಯನ ಕಡೆ ನೋಡಿದರು. “ನೀನಾಗಿದ್ದರೆ?”

“ನಾನು ನುಂಗುತ್ತಿರಲಿಲ್ಲ ಅಜ್ಜಾರೇ.”

“ಬೇಗ ಹೇಳಿದೆ,” ಎಂದರು ಗುರುಗಳು. ಮತ್ತೆ ಕತೆಗೆ ಬಂದರು.

ಅವನು ಬೇಗ ಏನೂ ಮಾಡಲಿಲ್ಲ. ತುತ್ತು ಬಾಯಲ್ಲೇ ಇತ್ತು. ಸೊಸೆ ಅವನ ದವಡೆಯನ್ನೇ ನೋಡುತ್ತಿದ್ದಳು. ಒಳಗೆ ಏನಿದೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಅವನು ತುತ್ತನ್ನು ಅಂಗೈಗೆ ಉಗಿದ. ಬಿಳಿಯ ರೊಟ್ಟಿಯಲ್ಲಿ ಮೂರು ಕರಿಯ ಚೂರು. ಆ ಊರಿನ ಹೊಲದ ಮರಳು ಕೆಂಪು. ಬೀಸುಕಲ್ಲು ಕರಿಯದು.

“ಇದು ಜೋಳದ ಮರಳಲ್ಲ ತಾಯಿ. ಕಲ್ಲು,” ಎಂದ. “ಹೋದ ವರ್ಷದ್ದೂ ಇದೇ. ಕುಟ್ಟಿದವನು ನಾನು.”

ಅಣ್ಣ ಎದ್ದ. ತಂಗಿಯ ಗಂಟನ್ನು ಎತ್ತಿ ಮನೆಯ ಒಳಗೆ ಇಟ್ಟು ಬಂದ. ಖಾಲಿ ಗಾಡಿ ಹೊಡೆದುಕೊಂಡು ಹೊರಟುಹೋದ.

ಅತ್ತೆ ದನಿ ತಗ್ಗಿಸಿದಳು. “ಇರಲಿ ಬಿಡಪ್ಪಾ. ಆದದ್ದಾಯಿತು. ಅವಳು ಇಲ್ಲೇ ಇರುತ್ತಾಳೆ, ಯಾರು ಬೇಡ ಅಂದರು? ನೀನು ಜೋಳ ತೆಗೆದುಕೊಂಡು ಹೊರಡು. ಓಣಿಗೆಲ್ಲ ಯಾಕೆ ಗೊತ್ತಾಗಬೇಕು?”

ಅವನು ಹೊರಡಲಿಲ್ಲ. ಕಲ್ಲನ್ನು ಅಂಗಳಕ್ಕೆ ಎಳೆದ. ಬಿರಿದ ಮೈಯೆಲ್ಲ ಹೋಗುವಂತೆ ಕೆತ್ತಿ ತೆಗೆದು, ತಂದೆ ಕಲಿಸಿದಂತೆ ಹಗುರವಾಗಿ, ಒತ್ತೊತ್ತಾಗಿ ಕುಟ್ಟತೊಡಗಿದ. ಮರೆತ ಕೈಗೆ ಎರಡು ದಿನ ಹಿಡಿಯಿತು. ಓಣಿಯವರು ಬಂದು ನಿಂತು ನೋಡಿದರು. “ಹಾಲು ಉಕ್ಕಿ, ಒಲೆ ಆರಿ, ಬೂದಿಯೂ ತಣ್ಣಗಾಯಿತಲ್ಲೋ” ಎಂದು ನಕ್ಕರು. ಅವನು ತಲೆ ಎತ್ತಲಿಲ್ಲ. ತನ್ನ ಕೆಲಸಕ್ಕೆ ಅರ್ಥವಿದೆಯೇ ಎಂದು ಕೇಳಿಕೊಳ್ಳಲು ಆ ಎರಡು ದಿನ ಅವನಿಗೆ ಬಿಡುವಾಗಲಿಲ್ಲ.

ತೊಳೆದ. ಒಣಗಿಸಿದ. ಒಂದು ಹಿಡಿ ಬೀಸಿ ಚೆಲ್ಲಿದ. ಮೂರನೆಯ ದಿನ ಸೊಸೆ ರೊಟ್ಟಿ ತಟ್ಟಿದಳು. ಅವನು ಕಟ್ಟೆಯ ಮೇಲೆ ಕೂತು ತಿಂದ. ಹಲ್ಲಿಗೆ ಏನೂ ಸಿಗಲಿಲ್ಲ. ನಂಬಿಕೆಯಾಗದೆ ಇನ್ನೊಂದು ಕೇಳಿ ತಿಂದ. ಆಗ ಸೊಸೆ ಜೋಳ ಸುರಿದಳು.

ಊರ ಹೊರಗೆ ಅವನಿಗೆ ಒಬ್ಬ ಜೊತೆಗಾರ ಸಿಕ್ಕ. ಅವನೂ ಕಲ್ಲು ಕುಟ್ಟುವವನೇ.

“ಎಲ್ಲಿ ಮಾಯವಾಗಿದ್ದೆಯೋ ಮಾರಾಯಾ? ಮುಂದಿನ ಊರಿನಲ್ಲಿ ಮೂರು ಮದುವೆ. ಇಪ್ಪತ್ತು ಕಲ್ಲು ಕಾಯುತ್ತಿವೆ. ನಡೆ.”

“ನೀನು ಹೋಗು. ನಾನು ಹಿಂದಕ್ಕೆ ಹೋಗುತ್ತೇನೆ.”

“ಹಿಂದಿನ ಊರಿನ ಕಲ್ಲೆಲ್ಲ ಕುಟ್ಟಿ ಆಗಿದೆಯಲ್ಲ. ಅಲ್ಲಿ ಏನಿದೆ?”

“ಗೊತ್ತಿಲ್ಲ,” ಎಂದ ಅವನು. “ತಿಂದಿಲ್ಲ.”

ಜೊತೆಗಾರ ಅವನ ಮುಖ ನೋಡಿದ. ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡು ಮುಂದೆ ಹೋದ. ಅವನು ಹಿಂದಕ್ಕೆ ತಿರುಗಿ ನಡೆದ. ತಾನು ಬಂದ ದಾರಿಯ ಮೊದಲ ಊರು, ಮೊದಲ ಮನೆ. ಬಾಗಿಲು ತಟ್ಟಿದ. ಮನೆಯಾಕೆ ಕದ ತೆರೆದಳು.

“ನಮ್ಮ ಕಲ್ಲು ಮೊನ್ನೆಯೇ ಕುಟ್ಟಿದೆಯಲ್ಲಪ್ಪಾ?”

“ಕುಟ್ಟಲು ಬಂದಿಲ್ಲ ತಾಯಿ. ರೊಟ್ಟಿ ತಿನ್ನಲು ಬಂದಿದ್ದೇನೆ.”

ಹೀಗೆಂದು ಅವನು ಕಟ್ಟೆಯ ಮೇಲೆ ಕೂತ.

ಗುರುಗಳು ನಿಲ್ಲಿಸಿದರು. ಅಡವಯ್ಯ ಕಾದ. ಕತೆ ಮುಂದೆ ಹೋಗಲಿಲ್ಲ.

“ಆಮೇಲೆ ಅವನಿಗೆ ತೃಪ್ತಿ ಸಿಕ್ಕಿತೇ ಅಜ್ಜಾರೇ?”

“ನನಗೆ ತಿಳಿಯದು.”

“ಹಾಗಾದರೆ ನನ್ನ ಪ್ರಶ್ನೆ? ನಾನು ಪುರಾಣಕ್ಕೆ ಹೋಗಲೋ, ತೋಟಕ್ಕೆ ಹೋಗಲೋ? ನನಗೆ ಇನ್ನೂ ಏನೂ ತಿಳಿಯುತ್ತಿಲ್ಲ.”

ಗುರುಗಳು ಎದ್ದರು. ಬಾಗಿಲವರೆಗೆ ಹೋಗಿ ತಿರುಗಿ ನಿಂತರು.

“ಅಡವಯ್ಯ, ಇವತ್ತಿನ ಸಾರಿಗೆ ಉಪ್ಪು ಬಿದ್ದಿತ್ತೇ?”

ಅಡವಯ್ಯ ಎದ್ದು ಅಡುಗೆಮನೆಗೆ ಹೋಗಿ, ಹಂಡೆಯ ತಳದಲ್ಲಿ ಉಳಿದ ಸಾರನ್ನು ಸೌಟಿನಿಂದ ಅಂಗೈಗೆ ಸುರಿದುಕೊಂಡ.